ದೇವಲೋಕದ ಕಾವಲುಗಾರನ ಸ್ವೆಟರ್

ಸ್ಟೂರ್ಲಾನಿಗೆ ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವ ಅಭ್ಯಾಸ ಖಂಡಿತ ಇರಲಿಲ್ಲ. ಅವನ ಮೂಗು ಸದಾ ಅವನ ಅಡುಗೆಮನೆಯೊಳಗೇ ಇರುತ್ತಿತ್ತು. ಹೊರಗೆ ಹೋಗಿಬರುತ್ತಿದ್ದದ್ದು ಕಣ್ಣು ಮಾತ್ರ, ಅದೂ ದುರ್ಬೀನಿನ ಮೂಲಕ.

ಐಸ್‌ಲ್ಯಾಂಡಿನ ಆ ಕಣಿವೆಯಲ್ಲಿ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ದುರ್ಬೀನು ಇಲ್ಲದ ಮನೆ ಒಂದೂ ಇಲ್ಲ. ಕುರಿ ಎಲ್ಲಿ ಮೇಯುತ್ತಿದೆ, ಮಂಜು ಎಲ್ಲಿಗೆ ಇಳಿದಿದೆ ಎಂದು ನೋಡುವುದಕ್ಕೆ ಬೇಕಲ್ಲ. ಆದರೆ ಉಳಿದವರ ದುರ್ಬೀನುಗಳ ಮೇಲೆ ಧೂಳು ಕೂತಿರುತ್ತಿತ್ತು. ಸ್ಟೂರ್ಲಾನ ದುರ್ಬೀನು ಅವನ ಹುಬ್ಬು ತಾಗಿ ತಾಗಿ ಬಣ್ಣವನ್ನೇ ಕಳೆದುಕೊಂಡಿತ್ತು. ನದಿಯಾಚೆಯ ಬ್ರಾಂಡುರ್ ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದ, ಪೋಸ್ಟ್ ವ್ಯಾನು ಯಾವ ಮನೆಯ ಮುಂದೆ ಕಾಫಿ ಕುಡಿಯುವಷ್ಟು ಹೊತ್ತು ನಿಂತಿತು, ಎಲ್ಲವೂ ಅವನಿಗೆ ಗೊತ್ತು. ಕೇಳಿದರೆ ಅದು ಕುತೂಹಲವಲ್ಲ, ಜವಾಬ್ದಾರಿ ಎನ್ನುತ್ತಿದ್ದ. ಏಕೆಂದರೆ ಅವನು ಬೆಟ್ಟದ ರಾಜ.

ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯ್ದ ಕುರಿಗಳನ್ನು ಸೆಪ್ಟೆಂಬರಿನಲ್ಲಿ ಊರವರೆಲ್ಲ ಕುದುರೆಯೇರಿ ಹೋಗಿ, ವಾರಗಟ್ಟಲೆ ಹುಡುಕಿ ಒಟ್ಟು ಮಾಡಿ ಇಳಿಸಿಕೊಂಡು ಬರುತ್ತಾರೆ. ಆ ದಂಡಿನ ಯಜಮಾನನೇ ಬೆಟ್ಟದ ರಾಜ. ಅವನಿಗೆ ಕಿರೀಟವಿಲ್ಲ, ಸಂಬಳವಿಲ್ಲ. ಆದರೆ ಅವನು ಬಲಕ್ಕೆ ಎಂದರೆ ಪಾದ್ರಿಯೂ ಬಲಕ್ಕೇ ಹೋಗಬೇಕು. ಹತ್ತೊಂಬತ್ತು ವರ್ಷಗಳಿಂದ ಊರವರು ಸ್ಟೂರ್ಲಾನನ್ನೇ ಆರಿಸುತ್ತ ಬಂದಿದ್ದರು. ಇಪ್ಪತ್ತನೆಯ ಸಲದ ಆಯ್ಕೆ ಬರುವ ಭಾನುವಾರ ಇತ್ತು.

"ಒಂದು ವರ್ಷ ಬ್ರಾಂಡುರ್ ಹೋಗ್ಲಿ ಬಿಡು," ಎಂದಳು ಹೆಂಡತಿ ಆಲ್ದೀಸ್. "ನೀನು ಮೆಟ್ಟಿಲು ಹತ್ತಿದ್ರೆ ನಿನ್ನ ಮಂಡಿ ಕಿರ್ರ್ ಅನ್ನುತ್ತೆ."

"ಅದು ಮೆಟ್ಟಿಲಿನ ಸದ್ದು."

"ಮೆಟ್ಟಿಲು ಕಲ್ಲಿನದು ಕಣೋ."

ಇಂಥ ಮಾತಿಗೆಲ್ಲ ರಾಜರು ಉತ್ತರ ಕೊಡುವುದಿಲ್ಲ. ಸ್ಟೂರ್ಲಾ ಜೇಬಿನಿಂದ ನಶ್ಯ ತುಂಬಿದ ಕೊಂಬನ್ನು ತೆಗೆದು, ಬಿರಡೆ ಬಿಚ್ಚಿ, ಕೈಬೆನ್ನಿನ ಮೇಲೆ ಒಂದಿಷ್ಟು ಸುರಿದುಕೊಂಡು ಎರಡೂ ಹೊಳ್ಳೆಗೆ ಸಮನಾಗಿ ಹಂಚಿದ.

ಅಂದು ಊರವರೆಲ್ಲ ಹುಲ್ಲು ಒಣಗಿಸುವ ಗಡಿಬಿಡಿಯಲ್ಲಿದ್ದರು. ಮಂಡಿಯ ದೆಸೆಯಿಂದ ಮನೆಯಲ್ಲೇ ಉಳಿದ ಸ್ಟೂರ್ಲಾ ಹವಾಮಾನ ವರದಿ ಕೇಳೋಣವೆಂದು ಟಿ.ವಿ. ಹಾಕಿದ. ವರದಿಗೆ ಇನ್ನೂ ಹೊತ್ತಿತ್ತು. ಪರದೆಯ ಮೇಲೆ 'ಅಸ್ಗಾರ್ಡ್ ಗಲ್ಲಿ' ಎಂಬ ಹೊಸ ಕಾರ್ಟೂನ್ ಧಾರಾವಾಹಿ ನಡೆಯುತ್ತಿತ್ತು. ಮಕ್ಕಳು ನೋಡಕೂಡದು ಎಂದು ಮೂಲೆಯಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು. ಹಾಗೆ ಬರೆದದ್ದರಿಂದ ಸ್ಟೂರ್ಲಾ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದ.

ಚರ್ಚು ಬರುವ ಮುಂಚೆ ಆ ನಾಡು ಪೂಜಿಸುತ್ತಿದ್ದ ಹಳೆಯ ದೇವರುಗಳೆಲ್ಲ ಒಂದೇ ಗಲ್ಲಿಯಲ್ಲಿ ಸಂಸಾರ ಹೂಡಿದ್ದರು. ಓಡಿನ್ ತನ್ನ ಒಂಟಿ ಕಣ್ಣಿನ ಕನ್ನಡಕ ಹುಡುಕುತ್ತ ಮನೆಯವರನ್ನೆಲ್ಲ ಬೈಯುತ್ತಿದ್ದ. ಥೋರ್‌ಗೆ ಬಿಯರಿನ ಹೊಟ್ಟೆ ಬಂದು ಸೊಂಟದ ಪಟ್ಟಿ ಹತ್ತುತ್ತಿರಲಿಲ್ಲ. ಸ್ಟೂರ್ಲಾ ನಕ್ಕ. ಆಮೇಲೆ ದೇವಲೋಕದ ಕಾವಲುಗಾರ ಹೈಮ್ಡಾಲ್ ಬಂದ. ನೂರು ಹರದಾರಿ ದೂರದ್ದನ್ನು ಕಾಣುವವನು, ಕುರಿಯ ಮೈಮೇಲೆ ಉಣ್ಣೆ ಬೆಳೆಯುವ ಸದ್ದನ್ನೂ ಕೇಳುವವನು, ದೈತ್ಯರು ಬಂದರೆ ಕೊಂಬೂದಿ ದೇವತೆಗಳನ್ನು ಎಬ್ಬಿಸಬೇಕಾದವನು.

ಸ್ಟೂರ್ಲಾ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದ.

ಹೈಮ್ಡಾಲ್ ಕಾಮನಬಿಲ್ಲಿನ ಸೇತುವೆಯ ಪಕ್ಕದ ಗುಡಿಸಲಿನಲ್ಲಿ ಅಡುಗೆಮನೆಯ ಕಿಟಕಿಗೆ ಆತುಕೊಂಡು ಕೂತಿದ್ದ. ಕೈಯಲ್ಲಿ ಬಣ್ಣಗೆಟ್ಟ ದುರ್ಬೀನು. ಮಡಿಲಲ್ಲಿ ಕೊಂಬು, ಅದರ ತುಂಬ ನಶ್ಯ.

"ಲೋ ಹೈಮ್ಡಾಲ್, ಸೇತುವೆ ಮೇಲೆ ಯಾರಾದ್ರೂ ಬಂದ್ರೇನೋ?" ಎಂದು ಥೋರ್ ಕೂಗಿದ.

"ನೋಡಿದೀನಿ, ನೋಡಿದೀನಿ," ಎಂದ ಹೈಮ್ಡಾಲ್. "ಫ್ರೇಯಾ ದೇವಿ ಮನೆಗೆ ಬೆಳಿಗ್ಗೆಯಿಂದ ಮೂವರು ಹೋದ್ರು. ಹೊರಗೆ ಬಂದಿದ್ದು ಇಬ್ಬರೇ. ಆ ಮೂರನೆಯವನು ಯಾರು ಅಂತ ಗೊತ್ತಾಗೋವರೆಗೂ ನಾನು ಇಲ್ಲಿಂದ ಏಳಲ್ಲ."

ಅವನ ಬೆನ್ನ ಹಿಂದೆ ದೈತ್ಯರು ಸಾಲಾಗಿ ಸೇತುವೆ ದಾಟಿ, ಬಾಗಿಲಲ್ಲಿ ಕಾಲು ಒರೆಸಿಕೊಂಡು ಒಳಗೆ ಬರುತ್ತಿದ್ದರು. ಕೊನೆಗೆ ಕೊಂಬೂದಲು ಹೋದರೆ ಅದರೊಳಗೆ ನಶ್ಯ ಗಟ್ಟಿಕಟ್ಟಿ ಸದ್ದೇ ಹೊರಡಲಿಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ದುರ್ಬೀನು, ನಶ್ಯ ಈ ದೇಶದಲ್ಲಿ ಹಲವರಿಗಿವೆ. ಆದರೆ ಸ್ವೆಟರ್? ಹನ್ನೆರಡು ವರ್ಷದ ಹಿಂದೆ ಆಲ್ದೀಸ್ ಟಿ.ವಿ.ಯಲ್ಲಿ ಹ್ಯಾಂಡ್‌ಬಾಲ್ ಪಂದ್ಯ ನೋಡುತ್ತ ಅವನಿಗೊಂದು ಸ್ವೆಟರ್ ಹೆಣೆದಿದ್ದಳು. ಕೊರಳ ಸುತ್ತ ಹದಿನಾರು ಬಿಳಿ ಎಲೆಗಳು. ಕೊನೆಯ ಎರಡು ನಿಮಿಷದ ಉದ್ವೇಗದಲ್ಲಿ ಕುಣಿಕೆಯ ಲೆಕ್ಕ ತಪ್ಪಿ ಎಡಭುಜದ ಒಂದು ಎಲೆ ಮಾತ್ರ ವಾರೆಯಾಯಿತು. ಬಿಚ್ಚಿ ಹೆಣೆಯುತ್ತೇನೆ ಎಂದರೆ ಸ್ಟೂರ್ಲಾ ಬಿಡಲಿಲ್ಲ, ಏಕೆಂದರೆ ಐಸ್‌ಲ್ಯಾಂಡ್ ಪಂದ್ಯ ಗೆದ್ದಿತ್ತು. ಈಗ ದೇವಲೋಕದ ಕಾವಲುಗಾರನ ಎಡಭುಜದಲ್ಲಿಯೂ ಒಂದು ಎಲೆ ವಾರೆಯಾಗಿತ್ತು.

ಹವಾಮಾನ ವರದಿ ಬಂದು ಹೋಯಿತು. ಸ್ಟೂರ್ಲಾನಿಗೆ ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

"ಇದು ಪಿತೂರಿ," ಎಂದ. "ಭಾನುವಾರದ ಆಯ್ಕೆಗೆ ಮುಂಚೆ ನನ್ನನ್ನ ಊರಿಗೆಲ್ಲ ಕೋಡಂಗಿ ಮಾಡೋಕೆ ಯಾರೋ ಆ ಕಾರ್ಟೂನಿನವರಿಗೆ ನನ್ನ ಸಕಲ ಸಮಾಚಾರ ಕೊಟ್ಟಿದ್ದಾರೆ."

"ಯಾರು?"

"ನದಿಯಾಚೆ ನೋಡು."

ಅವನು ಅತಿಥಿ ಪುಸ್ತಕವನ್ನು ತೆಗೆದ. ಮನೆಗೆ ಬಂದವರು ಕಾಫಿ ಕುಡಿದ ಮೇಲೆ ಹೆಸರು ಬರೆದೇ ಹೋಗಬೇಕು ಎನ್ನುವುದು ಆ ಮನೆಯ ಕಟ್ಟಳೆ. ಪಕ್ಕದ ಮನೆಯವರು ಉಪ್ಪು ಕೇಳಲು ಬಂದರೂ ಸ್ಟೂರ್ಲಾ ಪೆನ್ನು ಹಿಡಿದು ನಿಲ್ಲುತ್ತಿದ್ದ. ಈ ವರ್ಷದ ಪುಸ್ತಕದಲ್ಲಿ ಬ್ರಾಂಡುರನ ಹೆಸರು ಇಪ್ಪತ್ತಮೂರು ಸಲ ಇತ್ತು.

"ಇಪ್ಪತ್ಮೂರು ಸಲ ಬಂದು ನನ್ನ ಸ್ವೆಟರ್ ನೋಡಿಕೊಂಡು ಹೋಗಿದ್ದಾನೆ," ಎಂದ ಸ್ಟೂರ್ಲಾ.

"ಟ್ರ್ಯಾಕ್ಟರ್ ಕೇಳೋಕೆ ಬಂದಿದ್ದ ಪಾಪ."

"ಟ್ರ್ಯಾಕ್ಟರ್ ಒಂದು ನೆಪ."

ಮಾರನೆಯ ದಿನದಿಂದಲೇ ಸ್ಟೂರ್ಲಾ ಹುಷಾರಾದ. ಸ್ವೆಟರನ್ನು ಮಂಚದಡಿಯ ಪೆಟ್ಟಿಗೆಗೆ ತಳ್ಳಿದ. ದುರ್ಬೀನನ್ನು ಒಲೆಯೊಳಗೆ ಬಚ್ಚಿಟ್ಟ. ಆಲ್ದೀಸ್ ರೊಟ್ಟಿ ಬೇಯಿಸಲು ಒಲೆ ಹಚ್ಚಿದಾಗ ಸುಟ್ಟ ರಬ್ಬರಿನ ವಾಸನೆ ಬಂದು ದುರ್ಬೀನು ಹಿಟ್ಟಿನ ಡಬ್ಬಕ್ಕೆ ವರ್ಗವಾಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಡುಗೆಮನೆಯ ಕಿಟಕಿಗೆ ಪರದೆ ಬಿತ್ತು. ಕೊಂಬು ಮಾತ್ರ ಜೇಬಿನಲ್ಲಿ ಉಳಿಯಿತು. ನಶ್ಯವನ್ನು ಅವನು ಕೊಟ್ಟಿಗೆಗೆ ಹೋಗಿ, ಹಸುವಿನ ಮರೆಯಲ್ಲಿ ಏರಿಸತೊಡಗಿದ.

ಆ ಪರದೆ ಬಿದ್ದದ್ದೇ ತಡ, ಇಡೀ ಕಣಿವೆ ಬೆಚ್ಚಿಬಿದ್ದಿತು.

ಮಂಗಳವಾರ ಪೋಸ್ಟ್ ವ್ಯಾನು ಚರಂಡಿಗಿಳಿದು ಒಂದು ಗಂಟೆ ಹಾಗೇ ನಿಂತಿತು. ಯಾವಾಗಲೂ ಐದೇ ನಿಮಿಷದಲ್ಲಿ ಸ್ಟೂರ್ಲಾನ ಟ್ರ್ಯಾಕ್ಟರ್ ಬಂದುಬಿಡುತ್ತಿತ್ತು. ಈ ಸಲ ಬರಲಿಲ್ಲ. ಬ್ರಾಂಡುರನ ಹೆಂಡತಿ ದಿನಾ ಬೆಳಿಗ್ಗೆ ಸ್ಟೂರ್ಲಾನ ಕಿಟಕಿಯ ಕಡೆ ಮುಷ್ಟಿ ತೋರಿಸಿ ಆಮೇಲೆ ಕಾಫಿ ಕುಡಿಯುವವಳು, ಪರದೆಗೆ ಮುಷ್ಟಿ ತೋರಿಸಿ ಏನು ಸುಖ ಎಂದು ಮಂಕಾಗಿ ಕೂತಳು. ಸ್ಟೂರ್ಲಾನಿಗೆ ದೊಡ್ಡ ಕಾಯಿಲೆ ಎಂದು ಕೆಲವರು, ಹೊಲಮನೆಯನ್ನು ಗುಟ್ಟಾಗಿ ಹೋಟೆಲಿನವರಿಗೆ ಮಾರಿದ್ದಾನೆ ಎಂದು ಕೆಲವರು ಮಾತಾಡಿಕೊಂಡರು. ಎರಡೂ ಇರಬಹುದು ಎಂದವರೇ ಹೆಚ್ಚು.

ಬುಧವಾರ ಸ್ಟೂರ್ಲಾ ಈಜುಕೊಳಕ್ಕೆ ಹೋದ. ಈಜಲು ಅಲ್ಲ. ಅಲ್ಲಿನ ಬಿಸಿನೀರಿನ ತೊಟ್ಟಿಯೇ ಆ ಕಣಿವೆಯ ನಿಜವಾದ ಪಂಚಾಯಿತಿ. ಕುತ್ತಿಗೆವರೆಗೆ ನೀರಿನಲ್ಲಿ ಮುಳುಗಿ ಕೂತವರು ಊರಿನ ಎಲ್ಲರ ವಿಚಾರವನ್ನೂ ಅಲ್ಲಿ ತೀರ್ಮಾನಿಸುತ್ತಾರೆ.

ಬಾಗಿಲಲ್ಲೇ ಕೊಳದ ಮೇಲ್ವಿಚಾರಕಿ ಗೆರ್ದುರ್ ತಡೆದಳು. "ಸ್ಟೂರ್ಲಾ, ಕೋಟು ಹಾಕ್ಕೊಂಡು ಎಲ್ಲಿಗೆ? ಬಟ್ಟೆಯೆಲ್ಲ ಬಿಚ್ಚಿ ಸೋಪು ಹಚ್ಚಿ ತೊಳ್ಕೊಂಡು ಹೋಗು."

"ಗೊತ್ತಮ್ಮಾ. ಆದ್ರೆ ನನ್ನ ಬಟ್ಟೆ ಮೇಲೆ ಯಾಕೆ ನಿಂಗೆ ಅಷ್ಟು ಕಣ್ಣು?"

"ಅಯ್ಯೋ, ನಿನ್ನ ಬಟ್ಟೆ ಯಾರಿಗೆ ಬೇಕು? ಆ ವಾರೆ ಎಲೆ ಸ್ವೆಟರ್ ಎಲ್ಲಿ, ಕಾಣ್ತಿಲ್ಲ?"

ಸ್ಟೂರ್ಲಾ ಕೋಟಿನ ಗುಂಡಿಯನ್ನು ಕೊರಳವರೆಗೂ ಹಾಕಿಕೊಂಡ. ಇವಳೂ ಸೇರಿದ್ದಾಳೆ!

ತೊಟ್ಟಿಯಲ್ಲಿ ಬ್ರಾಂಡುರ್ ಮತ್ತು ಪಾದ್ರಿ ಯೋರುನ್ ತಲೆಗೆ ತಲೆ ತಾಗಿಸಿ ಗುಸುಗುಸು ಮಾತಾಡುತ್ತಿದ್ದರು. ಸ್ಟೂರ್ಲಾನ ಕಾಲು ನೀರಿಗೆ ಇಳಿದ ಕೂಡಲೇ ಇಬ್ಬರ ಬಾಯಿಗೂ ಬೀಗ ಬಿತ್ತು. ಯೋರುನ್ ವಯಸ್ಸಾದ ಹೆಂಗಸು, ಮೂವತ್ತು ವರ್ಷದಿಂದ ಊರಿನ ಮದುವೆ, ಮಣ್ಣು ಎರಡನ್ನೂ ಮಾಡಿಸಿದವಳು. ಅವಳು ಅವನನ್ನು ಮಣ್ಣಿಗೆ ಹೊರಟವರನ್ನು ನೋಡುವ ಹಾಗೆ ನೋಡಿದಳು.

"ಮಂಡಿ ಹೇಗಿದೆ ಸ್ಟೂರ್ಲಾ?" ಎಂದಳು ಮೆತ್ತಗೆ.

"ಮಂಡಿ ಬೆಟ್ಟ ಹತ್ತೋಕೆ ತಯಾರಾಗಿದೆ. ಏನೋ ಮಾತಾಡ್ತಿದ್ರಲ್ಲ, ಮುಂದುವರಿಸಿ."

"ಏನಿಲ್ಲ ಮಾರಾಯಾ," ಎಂದ ಬ್ರಾಂಡುರ್. "ಹವಾಮಾನ."

"ಹವಾಮಾನಕ್ಕೆ ಯಾರಾದ್ರೂ ಗುಸುಗುಸು ಅಂತಾರಾ?"

"ಹುಲ್ಲು ಒಣಗಿಲ್ಲ ನೋಡು, ಜೋರಾಗಿ ಹೇಳೋಕೆ ಧೈರ್ಯ ಸಾಲಲ್ಲ."

ಸ್ಟೂರ್ಲಾ ಇಬ್ಬರ ಮುಖವನ್ನೂ ಕಾಲು ಗಂಟೆ ರೆಪ್ಪೆ ಹೊಡೆಯದೆ ನೋಡಿದ. ಬಿಸಿನೀರಿಗೆ ಅವನ ಮುಖ ಬೀಟ್ರೂಟಿನ ಬಣ್ಣಕ್ಕೆ ತಿರುಗಿತು. ಅದನ್ನು ಕಂಡ ಪಾದ್ರಿಗೆ ಕಾಯಿಲೆಯ ವಿಷಯದಲ್ಲಿ ಇದ್ದ ಅಲ್ಪಸ್ವಲ್ಪ ಸಂದೇಹವೂ ಹೋಯಿತು.

ಗುರುವಾರ ಅವಳು ಒಂದು ದೊಡ್ಡ ಕೇಕು ಹಿಡಿದು ಮನೆಗೇ ಬಂದಳು. ಕಾಫಿ ಕುಡಿಯುತ್ತ ಮನುಷ್ಯನಿಗೆ ಮನಸ್ಸಿನ ಭಾರ ಇಳಿಸಿಕೊಳ್ಳುವುದು ಎಷ್ಟು ಮುಖ್ಯ ಎಂದು ಮಾತು ತೆಗೆದಳು. ಸ್ಟೂರ್ಲಾ ಕೇಕಿನ ತುಂಡನ್ನು ತಿರುಗಿಸಿ ತಳ ನೋಡಿದ.

"ಪಾದ್ರಿ, ನೇರವಾಗಿ ಕೇಳ್ತೀನಿ. ನಿನ್ನ ಕಳಿಸಿದ್ದು ಯಾರು?"

"ದೇವರು ಅಂತ ಅಂದ್ಕೊಂಡಿದ್ದೀನಪ್ಪಾ."

"ಯಾವ ದೇವರು?" ಎಂದ ಸ್ಟೂರ್ಲಾ, ಕಣ್ಣು ಕಿರಿದು ಮಾಡಿ. "ಹೊಸಬನಾ, ಹಳಬರಾ?"

ಯೋರುನ್ ಕಾಫಿ ಕಪ್ಪನ್ನು ಸದ್ದಾಗದ ಹಾಗೆ ಕೆಳಗಿಟ್ಟಳು. ಅತಿಥಿ ಪುಸ್ತಕದಲ್ಲಿ ಅವಸರವಾಗಿ ಹೆಸರು ಗೀಚಿ ಹೊರಟಳು.

ಅವಳು ಹೋದ ಮೇಲೆ ಆಲ್ದೀಸ್ ಅಟ್ಟದ ಕಪಾಟಿನಿಂದ ಏನನ್ನೋ ಸೆರಗಿನ ಮರೆಯಲ್ಲಿ ಹಿಡಿದ ಹಾಗೆ ಏಪ್ರನ್ನಿನಲ್ಲಿ ಸುತ್ತಿಕೊಂಡು ಬಂದಳು. "ಸ್ಟೂರ್ಲಾ, ಇಲ್ಲಿ ಕೇಳು. ಆ ಕಾರ್ಟೂನಿನ ವಿಷಯ ನಂಗೊಂದು ನೆನಪಾಯ್ತು..."

"ಆ ಸ್ವೆಟರ್ ಹೆಣೆದವಳು ಯಾರು?" ಎಂದ ಸ್ಟೂರ್ಲಾ ತಟ್ಟನೆ ತಿರುಗಿ. "ಆ ಎಲೆ ವಾರೆ ಇದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋಳು ಯಾರು? ನೀನೂ ಅವರ ಕಡೆನಾ ಆಲ್ದೀಸ್?"

ಆಲ್ದೀಸ್ ಅವನನ್ನು ಒಂದು ಸಲ ನೋಡಿದಳು. ಏಪ್ರನ್ನಿನಲ್ಲಿದ್ದದ್ದನ್ನು ತೆಗೆದು ತನ್ನ ಹೆಣಿಗೆಯ ಚೀಲಕ್ಕೆ ಹಾಕಿಕೊಂಡಳು. ಭಾನುವಾರದವರೆಗೆ ಆ ಮನೆಯಲ್ಲಿ ಮಂಡಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಭಾನುವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಇಪ್ಪತ್ತೆಂಟು ಮಂದಿ ಸೇರಿದ್ದರು. ಸಕ್ಕರೆ ಉದುರಿಸಿದ ತೆಳುದೋಸೆಯ ಸುರುಳಿಗಳು, ಕಾಫಿ, ಮತಚೀಟಿ ಹಾಕಲು ಒಂದು ಖಾಲಿ ಬಿಸ್ಕತ್ತಿನ ಡಬ್ಬಿ. ಅಧ್ಯಕ್ಷತೆ ಪಾದ್ರಿಯದು. ಅವಳು ಎದ್ದು "ನಮ್ಮ ಸ್ಟೂರ್ಲಾ ಇಷ್ಟು ವರ್ಷ ಮಾಡಿದ ಸೇವೆಯನ್ನ ನಾವ್ಯಾರೂ ಮರೆಯೋ ಹಾಗಿಲ್ಲ" ಎಂದು ಶುರು ಮಾಡಿದಳು. ಬ್ರಾಂಡುರ್ ತಲೆ ತಗ್ಗಿಸಿ ಮೂಗೊರೆಸಿಕೊಂಡ.

ಸ್ಟೂರ್ಲಾನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತ.

"ಸಾಕು ನಿಲ್ಲಿಸಿ ನಾಟಕ! ಎಲ್ಲ ಗೊತ್ತು ನಂಗೆ. ನನ್ನನ್ನ ಹೈಮ್ಡಾಲ್ ಮಾಡಿ ಟಿ.ವಿ.ಗೆ ಹಾಕಿಸಿದವರು ಇಲ್ಲೇ ಕೂತಿದ್ದಾರೆ. ಗಂಡಸಾಗಿದ್ರೆ ಎದ್ದು ನಿಂತ್ಕೊಳ್ಳಿ. ಹೆಂಗಸಾಗಿದ್ರೂ ಪರವಾಗಿಲ್ಲ, ಎದ್ದು ನಿಂತ್ಕೊಳ್ಳಿ!"

ಯಾರೂ ಎದ್ದು ನಿಲ್ಲಲಿಲ್ಲ. ಯಾರೋ ದೋಸೆಸುರುಳಿ ಅಗಿಯುವುದನ್ನು ನಿಲ್ಲಿಸಿದರು.

"ಯಾವ ಟಿ.ವಿ.?" ಎಂದಳು ಯೋರುನ್.

"ಅಸ್ಗಾರ್ಡ್ ಗಲ್ಲಿ!"

"ಹಂಗಂದ್ರೇನು?" ಎಂದ ಬ್ರಾಂಡುರ್. "ನಾನು ಹದಿನೈದು ದಿನದಿಂದ ಹುಲ್ಲಿನಲ್ಲಿದ್ದೀನಿ ಕಣೋ. ಟಿ.ವಿ. ಮುಖ ಯಾರು ನೋಡಿದ್ದಾರೆ?"

ನೋಡಿದವರು ಒಬ್ಬರೂ ಇರಲಿಲ್ಲ. ಆದ್ದರಿಂದ ನೋಡಲೇಬೇಕಾಯಿತು. ಗೆರ್ದುರ್ ತನ್ನ ಫೋನಿನಲ್ಲಿ ಹುಡುಕಿ, ಭವನದ ಗೋಡೆಯ ದೊಡ್ಡ ಪರದೆಗೆ ಅದನ್ನು ಜೋಡಿಸಿದಳು. ಹೀಗೆ, ಕಣಿವೆಯಲ್ಲಿ ಯಾರೊಬ್ಬರಿಗೂ ಗೊತ್ತಿಲ್ಲದ ತನ್ನ ಮಾನಭಂಗವನ್ನು ಸ್ಟೂರ್ಲಾ ಇಪ್ಪತ್ತೇಳು ಜನಕ್ಕೆ ಒಟ್ಟಿಗೆ, ಕಾಫಿ ತಿಂಡಿಯ ಸಮೇತ, ಏರ್ಪಾಡು ಮಾಡಿ ತೋರಿಸಿದ.

ಮೊದಲ ನಾಲ್ಕು ನಿಮಿಷ ಎಲ್ಲರೂ ಸಭ್ಯವಾಗಿ ದೋಸೆಸುರುಳಿ ತಿಂದರು. "ನೋಡಿದೀನಿ, ನೋಡಿದೀನಿ" ಎಂದು ಹೈಮ್ಡಾಲ್ ಅಂದ ಕೂಡಲೇ ಬ್ರಾಂಡುರನ ಭುಜ ಕುಲುಕತೊಡಗಿತು. ವಾರೆ ಎಲೆ ಕಂಡಾಗ ಗೆರ್ದುರ್ ಕುರ್ಚಿಯಿಂದ ಜಾರಿದಳು. ಮೂರನೆಯವನ ವಿಚಾರ ಬಂದಾಗ ಪಾದ್ರಿ ಯೋರುನ್ ಬೈಬಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡರೂ ಪ್ರಯೋಜನವಾಗಲಿಲ್ಲ. ಭವನದ ತಗಡಿನ ಸೂರು ಹಾರಿಹೋಗುವಂತೆ ಜನ ನಕ್ಕರು.

"ನಗಿ!" ಎಂದ ಸ್ಟೂರ್ಲಾ. "ಆದ್ರೆ ಮಾಡಿದವನು ಯಾರು ಅಂತ ಹೇಳಿ!"

ಆಗ ಆಲ್ದೀಸ್ ಎದ್ದಳು. ಹೆಣಿಗೆಯ ಚೀಲದಿಂದ ಒಂದು ಹಳೆಯ ಅತಿಥಿ ಪುಸ್ತಕ ತೆಗೆದು ಪಾದ್ರಿಯ ಕೈಗೆ ಕೊಟ್ಟಳು. "ಮೂರು ವರ್ಷದ ಹಿಂದಿನದು. ಗುರುತು ಹಾಕಿದ್ದೀನಿ, ಓದು. ಗುರುವಾರವೇ ತೋರಿಸೋಕೆ ಹೋದೆ. ನನ್ನನ್ನೂ ಕಳ್ಳರ ಪಟ್ಟಿಗೆ ಸೇರಿಸಿದ."

ಆ ಪುಟದಲ್ಲಿ ಪೆನ್ಸಿಲಿನ ಒಂದು ಚಿತ್ರವಿತ್ತು. ಕಿಟಕಿ, ದುರ್ಬೀನು, ಕೊಂಬು, ಸ್ವೆಟರ್. ಕೆಳಗೆ ಒಬ್ಬ ಹುಡುಗಿಯ ಕೈಬರಹ: 'ಟೈರು ಪಂಕ್ಚರ್ ಆಗಿ ಬಂದೆ, ಮೂರು ಗಂಟೆ ಕೂರಿಸಿ ಇಡೀ ಕಣಿವೆಯ ಕಥೆ ಹೇಳಿದಿರಿ. ಈ ಚಿತ್ರವನ್ನು ನನ್ನ ಕೆಲಸದಲ್ಲಿ ಬಳಸಲೇ?' ಅದರ ಕೆಳಗೆ ಇನ್ನೊಂದು ಕೈಬರಹ. ಯೋರುನ್ ಪ್ರಾರ್ಥನೆಯ ಧ್ವನಿಯಲ್ಲಿ ಓದಿದಳು: "'ಧಾರಾಳವಾಗಿ ಬಳಸು. ಆದರೆ ಎಡಭುಜದ ಎಲೆ ವಾರೆಯಾಗಿಯೇ ಇರಲಿ. ಇಲ್ಲದಿದ್ದರೆ ನಾನೇ ಎಂದು ಜನಕ್ಕೆ ಗೊತ್ತಾಗುವುದಿಲ್ಲ. ಇತಿ, ಸ್ಟೂರ್ಲಾ, ಬೆಟ್ಟದ ರಾಜ.'"

ಆ ಹುಡುಗಿ ಸ್ಟೂರ್ಲಾನಿಗೆ ಈಗ ಚೆನ್ನಾಗಿ ನೆನಪಾದಳು. ಕ್ಯಾಲೆಂಡರಿಗೋ ಏನೋ ಇರಬೇಕು ಎಂದುಕೊಂಡಿದ್ದ. ಪುಸ್ತಕ ಕೈಯಿಂದ ಕೈಗೆ ಹೋಯಿತು, ಅದರ ಹಿಂದೆಯೇ ನಗುವೂ ಸಾಲಿನಿಂದ ಸಾಲಿಗೆ ಹೋಯಿತು. ಹತ್ತೊಂಬತ್ತು ವರ್ಷದ ರಾಜ್ಯ ಹೋಯಿತು ಎಂದು ಅವನಿಗೆ ಖಾತ್ರಿಯಾಯಿತು. ನಿಜವಾಗಿಯೂ ದುಃಖವಾಯಿತು. ಯಾರ ಮುಖವನ್ನೂ ನೋಡಲಾರದೆ ಕಿಟಕಿಯ ಕಡೆ ತಿರುಗಿದ.

ತಿರುಗಿದವನು ಕಂಡ. ಬ್ರಾಂಡುರನ ಬೇಲಿಯ ಗೇಟು ಹಾರುಹೊಡೆದಿತ್ತು. ಬೆಟ್ಟಕ್ಕೆ ಹೋಗಲೆಂದು ಒಟ್ಟು ಮಾಡಿಟ್ಟಿದ್ದ ಮೂವತ್ತು ಕುದುರೆಗಳೂ ಸಾಲಾಗಿ ಹೆದ್ದಾರಿಗೆ ಬಂದು, ನದಿಯ ಮೇಲಿನ, ಒಂದೇ ಗಾಡಿ ಹಿಡಿಯುವ ಸೇತುವೆಯನ್ನು ಏರುತ್ತಿದ್ದವು. ದೂರದ ತಿರುವಿನಲ್ಲಿ ಹಾಲಿನ ಟ್ಯಾಂಕರ್ ಧೂಳೆಬ್ಬಿಸಿಕೊಂಡು ಬರುತ್ತಿತ್ತು.

"ಬ್ರಾಂಡುರ್! ಸೇತುವೆ ಮೇಲೆ ಬರ್ತಾ ಇವೆ ಕಣೋ!" ಎಂದು ಕೂಗಿದ.

ಇಡೀ ಭವನ ಹೊಟ್ಟೆ ಹಿಡಿದುಕೊಂಡಿತು. "ದೈತ್ಯರಾ?" ಎಂದು ಬ್ರಾಂಡುರ್ ಕಣ್ಣೀರೊರೆಸಿಕೊಂಡ. "ಕಾಲು ಒರೆಸಿಕೊಂಡು ಬರೋಕೆ ಹೇಳು!"

"ಕುದುರೆ! ನಿನ್ನ ಕುದುರೆ!"

"ನೋಡಿದೀನಿ, ನೋಡಿದೀನಿ!" ಎಂದು ಗೆರ್ದುರ್ ಕಿರುಚಿದಳು. ಮತ್ತೆ ನಗೆ.

ಸ್ಟೂರ್ಲಾನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಏನು ಮಾಡುತ್ತಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ. ಕೊಂಬನ್ನು ತೆಗೆದು, ಎರಡೂ ಕಡೆಯ ಬಿರಡೆ ಕಿತ್ತು, ಚೂಪು ತುದಿಯನ್ನು ಬಾಯಿಗಿಟ್ಟು, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಊದಿದ.

ಸದ್ದು ಬರಲಿಲ್ಲ. ನಶ್ಯ ಬಂದಿತು. ಕಾಲು ಸೇರು ಕಪ್ಪು ನಶ್ಯ ಮೋಡವಾಗಿ ಎದ್ದು ಮೊದಲ ಎರಡು ಸಾಲುಗಳ ಮೇಲೆ ಇಳಿಯಿತು. ಸೀನು ಹರಡಿದಂತೆ ನಗು ಅಡಗಿತು. ಪಾದ್ರಿ ಏಳು ಸಲ ಸೀನಿದಳು. ಬ್ರಾಂಡುರ್ ಕಣ್ಣು ಕಾಣದೆ ತಡಕಾಡುತ್ತ ಗಾಳಿಗೆಂದು ಕಿಟಕಿ ತೆರೆದ, ಕಣ್ಣುಜ್ಜಿ ಹೊರಗೆ ನೋಡಿದ.

"ಅಯ್ಯೋ ನನ್ನ ಕುದುರೆಗಳು!"

ಆಮೇಲೆ ಯಾರೂ ಬಾಗಿಲು ಹುಡುಕಲಿಲ್ಲ, ಹತ್ತಿರದ ಕಿಟಕಿಗಳಿಂದಲೇ ಹಾರಿದರು. ಗೆರ್ದುರ್ ಕಾರು ತೆಗೆದು ಹೋಗಿ ಟ್ಯಾಂಕರಿಗೆ ಅಡ್ಡ ನಿಲ್ಲಿಸಿದಳು. ಸ್ಟೂರ್ಲಾ ಮಾತ್ರ ಓಡಲಾರದೆ ಮೆಟ್ಟಿಲ ಮೇಲೆ ನಿಂತು "ಬಲಕ್ಕೆ! ಬ್ರಾಂಡುರ್, ಎಡಗಡೆ ಹೋಗ್ಬೇಡ, ಬಲಕ್ಕೆ! ಪಾದ್ರಿ, ಆ ಬೂದುಕುದುರೆ ಹಿಡಿ!" ಎಂದು ಕೂಗಿದ. ಎಲ್ಲರೂ ಸೀನುತ್ತ ಬಲಕ್ಕೇ ಹೋದರು. ಟ್ಯಾಂಕರ್ ಸೇತುವೆಗೆ ಹತ್ತು ಮಾರು ದೂರದಲ್ಲಿ ನಿಂತಿತು. ಮೂವತ್ತು ಕುದುರೆಗಳೂ ಉಳಿದವು.

ಹಿಂದಿರುಗಿ ಬಂದು ಮತ ಹಾಕಿದರು. ಬಿಸ್ಕತ್ತಿನ ಡಬ್ಬಿ ತೆರೆದಾಗ ಸ್ಟೂರ್ಲಾನಿಗೆ ಇಪ್ಪತ್ತೇಳು, ಬ್ರಾಂಡುರನಿಗೆ ಒಂದು.

"ದೇವರಾಣೆ, ನಾನೂ ನಿನಗೇ ಹಾಕಿದ್ದು," ಎಂದ ಬ್ರಾಂಡುರ್, ಅವನ ಕೈ ಕುಲುಕಿ. "ಇಷ್ಟು ದಿನ ಪರದೆ ಎಳ್ಕೊಂಡು ಕೂತಿದ್ದೆಯಲ್ಲ, ನನ್ನ ಹೆಂಡ್ತಿಗೆ ಕಾಫಿನೇ ಸೇರ್ತಿಲ್ಲ. ನಾಳೆಯಿಂದ ಕಿಟಕೀಲಿ ಕೂತ್ಕೋ ಮಾರಾಯಾ."

ಸೋಮವಾರ ಬೆಳಿಗ್ಗೆ ಪರದೆ ಸರಿಯಿತು. ವಾರೆ ಎಲೆಯ ಸ್ವೆಟರ್ ತೊಟ್ಟ ಬೆಟ್ಟದ ರಾಜ ಹಿಟ್ಟಿನ ಧೂಳು ಕೊಡವಿ ದುರ್ಬೀನನ್ನು ಕಣ್ಣಿಗೇರಿಸಿದ. ನದಿಯಾಚೆ ಬ್ರಾಂಡುರನ ಹೆಂಡತಿ ಮುಷ್ಟಿ ತೋರಿಸಿ, ಸಂತೋಷದಿಂದ ಕಾಫಿಗೆ ಕೂತಳು.

"ಒಂದು ಓಟು," ಎಂದ ಸ್ಟೂರ್ಲಾ, ಕಿಟಕಿಯಿಂದ ಮುಖ ತೆಗೆಯದೆ. "ಬ್ರಾಂಡುರ್ ಅಲ್ಲ ಅಂದ. ಗೆರ್ದುರ್ ಅಲ್ಲ. ಪಾದ್ರಿ ಸುಳ್ಳು ಹೇಳಲ್ಲ. ನಾನು ಬೆಟ್ಟಕ್ಕೆ ಹೋಗೋದು ಬೇಡ ಅನ್ನೋರು ಈ ಕಣಿವೇಲಿ ಯಾರಿದ್ದಾರೆ ಆಲ್ದೀಸ್? ಒಂದೊಂದು ಮನೆಯಾಗಿ ನೋಡ್ತೀನಿ. ಸಿಕ್ಕೇ ಸಿಗ್ತಾರೆ."

"ನೋಡು," ಎಂದಳು ಆಲ್ದೀಸ್.

ಅವನ ಬೆನ್ನ ಹಿಂದೆ, ಎರಡು ಮೊಳ ದೂರದ ಕುರ್ಚಿಯಲ್ಲಿ ಕೂತು ಅವಳು ಹೆಣೆಯುತ್ತಿದ್ದಳು. ದಪ್ಪ ಉಣ್ಣೆಯ ಮಂಡಿಚೀಲ, ಬಲಗಾಲಿನದು, ಬೆಟ್ಟದ ಚಳಿಗೆ. ಅದರ ಅಂಚಿನಲ್ಲಿ ಅವಳು ಒಂದು ಎಲೆಯನ್ನು ಕುಣಿಕೆ ಎಣಿಸಿ ಎಣಿಸಿ, ಬೇಕೆಂದೇ ವಾರೆ ಮಾಡಿದಳು.

"ಆ ಕೊನೇ ಮನೇನೂ ಸರಿಯಾಗಿ ನೋಡು," ಎಂದಳು.

"ನೋಡಿದೀನಿ, ನೋಡಿದೀನಿ," ಎಂದ ಸ್ಟೂರ್ಲಾ.